ಕೇಪಿನ ಬಂದೂಕಿಗೆ ಜೂಮ್ ದುರ್ಬೀನು ಬೇಕಾ? ನನ್ನ ಅಭಿಪ್ರಾಯ



ನಮ್ಮ ಮುಕ್ಕುಂದ ಕಡೆ ಹಂದಿ ಕಾಟ ಹೆಂಗೈತಿ ಅಂತ ನಿಮಗೆ ಹೇಳೋದು ಬ್ಯಾಡ. ಹಗಲೆಲ್ಲ ಹೊಳಿ ದಂಡಿ ಜಾಲಿ ಪೊದಿಯೊಳಗ ಮಲಗ್ತಾವ, ಕತ್ತಲಾದ ಮ್ಯಾಲ ಗದ್ದಿಗೆ ಇಳಿತಾವ. ತಿನ್ನೋದು ಒಂದು ಪಾಲು, ತುಳಿದು ಕೆಡಿಸೋದು ನಾಲ್ಕು ಪಾಲು. ಮಸ್ಕಿ, ಲಿಂಗಸುಗೂರು ಕಡೆ ಗುಡ್ಡದ ಮಗ್ಗಲ ಹೊಲ ಇದ್ದವರದೂ ಇದೇ ಗೋಳು. ಹಿಂಗಾಗಿ ಬೆಳೆ ಕಾಯೋಕ ಲೈಸೆನ್ಸ್ ಇರೋ ಕೆಲವರು ಈಗ ಒಂದು ಮಾತು ತೆಗೆದಾರ: ಫೋನಿನಾಗ ವಿಡಿಯೋ ನೋಡೀವಿ, ನಮ್ಮ ಕೇಪಿನ ಬಂದೂಕಿಗೂ 3ರಿಂದ 9 ಪಟ್ಟು ಜೂಮ್ ಆಗೋ ದುರ್ಬೀನು ಕೂಡಿಸಿದ್ರ ಹೆಂಗ?

ನನ್ನ ಉತ್ತರ: ಬ್ಯಾಡ. ಯಾಕ ಅಂತ ಲೆಕ್ಕ ಹಾಕಿ ಹೇಳ್ತೀನಿ.

ಮೊದಲನೇದು ನಳಗಿ. ವಿಡಿಯೋದಾಗ ಬರೋ ಅಮೆರಿಕದ ಬಂದೂಕಿಗೂ ಬಾಯಿಂದಲೇ ಮದ್ದು ತುಂಬ್ತಾರ, ಖರೆ. ಆದ್ರ ಅದರ ನಳಗಿಯೊಳಗ ಸುತ್ತು ಗೆರಿ ಇರ್ತಾವ. ಗುಂಡು ಬುಗುರಿ ಹಂಗ ತಿರುಗಿಕೋತ ನೆಟ್ಟಗ ಹೋಗ್ತೈತಿ. ನಮ್ಮದು ಒಳಗ ನುಣುಪು ನಳಗಿ. ದುಂಡನ ಗುಂಡು ಹಾಕಿದ್ರ 40–50 ಗಜ ದಾಟಿದ ಮ್ಯಾಲ ಅದು ಎತ್ತ ಹೋಗ್ತೈತಿ ಅನ್ನೋ ಭರವಸೆ ಇಲ್ಲ. ಛರ್ರಾ ಹಾಕಿದ್ರ ಗಜಕ್ಕ ಹೆಚ್ಚುಕಡಿಮಿ ಒಂದು ಇಂಚಿನಂಗ ಹರಡಿಕೋತ ಹೋಗ್ತೈತಿ. ದುರ್ಬೀನು ಹಂದೀನ ಹತ್ತಿರ ತೋರಿಸಬಹುದು, ಗುಂಡನ್ನ ನೆಟ್ಟಗ ಮಾಡೋದಿಲ್ಲ.

ಎರಡನೇದು ಬೆಳಕು. 40 ಮಿಲಿಮೀಟರ್ ಗಾಜಿನ ದುರ್ಬೀನು 9 ಪಟ್ಟಿಗೆ ಇಟ್ರ, 40ನ್ನ 9ರಿಂದ ಭಾಗಿಸ್ರಿ. ಕಣ್ಣಿಗೆ ಬರೋ ಬೆಳಕಿನ ಕಿಂಡಿ 4.4 ಮಿಲಿಮೀಟರ್ ಅಷ್ಟ. ಕತ್ತಲದಾಗ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರ್ ತೆರಕೊಂಡಿರ್ತೈತಿ. ಅಂದ್ರ ಜೂಮ್ ಏರಿಸಿದಷ್ಟೂ ಕತ್ತಲ ಏರತೈತಿ, ಕಾಣೋ ಜಾಗಾನೂ ಸಣ್ಣದಾಗ್ತೈತಿ. ಹಂದಿ ಬರೋದು ರಾತ್ರಿ. ಆ 9 ಪಟ್ಟಿನಿಂದ ಏನು ಉಪಯೋಗ?

ಈಗಾಗಲೇ ಹಾಕಿಸಿಕೊಂಡವರು ಇದ್ರ ಇಷ್ಟು ಕೇಳ್ರಿ. ಪವರನ್ನ ಕೆಳಗಿನ ಅಂಕಿಗೇ ಇಟ್ಟು ಬಿಡ್ರಿ. ಅಗ್ಗದ ದುರ್ಬೀನಿನಾಗ ಪವರ್ ತಿರುಗಿಸಿದ್ರ ಗುರಿ ಕದಲ್ತೈತಿ. 25 ಗಜದಾಗ ಕಾಗದ ನಿಲ್ಲಿಸ್ರಿ, ಹಿಂದ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು, ಪೊಲೀಸ್ ಠಾಣೆಗೆ ಮೊದಲೇ ತಿಳಿಸ್ರಿ. ಉಸುಕು ತುಂಬಿದ ಚೀಲದ ಮ್ಯಾಲ ಬಂದೂಕು ಇಟ್ಟು, ಪ್ರತಿಸಲ ಅದೇ ಅಳತಿ ಮದ್ದು, ಅದೇ ಗುಂಡು, ಅದೇ ಅರಿವಿ. ಒಂದೊಂದು ಈಡಿಗೂ ನಳಗಿಯೊಳಗಿನ ಮಸಿ ಒರಸ್ರಿ, ಇಲ್ಲಂದ್ರ ಮುಂದಿನ ಗುಂಡು ಬ್ಯಾರೆ ಕಡೆ ಬೀಳ್ತೈತಿ. ಮೂರು ಈಡು ಆದ ಮ್ಯಾಲ ಅವುಗಳ ನಡುವಿನ ಜಾಗ ನೋಡಿ ತಿರುಪು ತಿರುಗಿಸ್ರಿ, ಒಂದೇ ಈಡಿಗೆ ಅಲ್ಲ. ತಿರುಪಿನ ಮ್ಯಾಲ ಬರೆದ ಕಾಲು ಇಂಚು ಅನ್ನೋದು 100 ಗಜದ ಲೆಕ್ಕ. 25 ಗಜದಾಗ ಒಂದು ಇಂಚು ಸರಿಸಬೇಕಂದ್ರ 16 ಸಲ ಟಿಕ್ ಅನಿಸಬೇಕು. ಇಷ್ಟೆಲ್ಲ ಮಾಡಿದ ಮ್ಯಾಲೂ ಮೂರು ಗುಂಡು ಒಂದು ಅಂಗೈ ಅಗಲದಾಗ ಬೀಳಲಿಲ್ಲಂದ್ರ ತಿಳ್ಕೋರಿ: ದೋಷ ದುರ್ಬೀನಿಂದಲ್ಲ, ನಳಗಿದು. ಅದಕ್ಕ ತಿರುಪಿನಾಗ ಮದ್ದಿಲ್ಲ.

ಇನ್ನು ಹಳೆ ನಳಗಿಗೆ ತೂತು ಹೊಡೆದು ಕ್ಲಾಂಪ್ ಕೂಡಿಸೋ ವಿಚಾರ. ಮದ್ದಿನ ಒತ್ತಡ ತಡಿಯೋದು ಆ ಕಬ್ಬಿಣದ ದಪ್ಪ. ಅದನ್ನ ಕೊರೆದ ಮ್ಯಾಲ ಒಡೆದರೆ ನಮ್ಮ ಕೆನ್ನಿ ಹತ್ತಿರವೇ ಒಡಿತೈತಿ. 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಇದ್ದವರೇ ಬೇಕು. ಲೇತ್ ಅಂಗಡಿಗೆ ಒಯ್ಯೋದು ಕೆಲಸಗಾರನಿಗೂ ಕೇಸು, ನಮಗೂ ಕೇಸು.

ಮತ್ತೊಂದು ಕಾನೂನು ನೆನಪಿರಲಿ. ಅದೇ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ಆದರೆ ಬಂದೂಕಿನ ಲೈಸೆನ್ಸ್ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ, ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ಚಿಗರಿ ಒಂದನೇ ಪಟ್ಟಿಯಲ್ಲಿದೆ. ಬೆಳೆ ತಿಂತು ಅಂತ ಅದಕ್ಕೆ ಆ ಅನುಮತಿಯೂ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಕೊನಿಗೆ ಹೇಳ್ತೀನಿ. ದುರ್ಬೀನು ಬಂದೂಕಿನ ಮ್ಯಾಲ ಇತ್ತಂದ್ರ, ಪೊದಿಯಾಗ ಏನು ಸರಿದಾಡ್ತದ ಅಂತ ನೋಡೋಕೂ ಬಂದೂಕೇ ಎತ್ತಬೇಕಾಗ್ತದ. ಅಂದ್ರ ಗುರುತು ಸಿಗೋದರೊಳಗೇ ನಳಗಿ ಅತ್ತ ತಿರುಗಿರ್ತೈತಿ. ಆ ಸಪ್ಪಳ ರಾತ್ರಿ ಕರೆಂಟಿಗೆ ಕಾದು ಮೋಟಾರು ಹಾಕೋಕ ಬಂದ ಪಕ್ಕದ ಹೊಲದ ಅಣ್ಣಂದು ಇರಬಹುದು, ನೀರು ಕಟ್ಟೋಕ ಬಂದ ಅವ್ವಂದು ಇರಬಹುದು. ನಮ್ಮ ಬಯಲು ಸೀಮಿಯಾಗ ಗುಂಡು ತಡಿಯೋಕ ಗುಡ್ಡ ಇಲ್ಲ, ಗದ್ದಿ ನೀರಿಗೆ ಬಡಿದ ಗುಂಡು ಪುಟಿದು ಮತ್ತೆಲ್ಲೋ ಹೋಗ್ತೈತಿ. ನೋಡೋಕ ಟಾರ್ಚು ಬ್ಯಾರೆ, ಹೊಡೆಯೋಕ ಬಂದೂಕು ಬ್ಯಾರೆ ಇರಬೇಕು. ಈ ಒಂದು ನೇಮ ಒಂದು ಜೀವ ಉಳಿಸ್ತದ.

ದುರ್ಬೀನಿಗೆ ಹಾಕೋ ರೊಕ್ಕ ಬದುವಿನ ಬೇಲಿಗೆ, ಒಳ್ಳೆ ಟಾರ್ಚಿಗೆ ಹಾಕ್ರಿ. ಬೆಳೆ ಹಾಳಾದ್ರ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕ್ರಿ. ಅನುಮತಿ ಬೇಕಂದ್ರ ಒಬ್ಬೊಬ್ಬರೇ ಓಡಾಡೋದಕ್ಕಿಂತ ನಾಲ್ಕು ಊರವರು ಕೂಡಿ ಬರವಣಿಗೆಯಲ್ಲೇ ಕೇಳೋಣ. ನಿಮ್ಮ ಅಭಿಪ್ರಾಯ ಬ್ಯಾರೆ ಇದ್ರ ಬರೀರಿ, ಜಗಳ ಇಲ್ಲ. ಆದ್ರ ಬಂದೂಕು ಎತ್ತೋ ಮೊದಲು ಟಾರ್ಚು ಹಚ್ರಿ.