ತಾಮ್ರಕ್ಕೆ ಬಂಗಾರದ ಮರ್ಯಾದೆ, ರೈತನ ಬೋರಿಗೆ ಕತ್ತರಿ

ಬಂಗಾರ ಕೈಗೆ ನಿಲುಕದಷ್ಟು ಮೇಲೆ ಹೋದಾಗ ಜನ ಬೆಳ್ಳಿಯ ಕಡೆ ನೋಡಿದರು. ಬೆಳ್ಳಿಯೂ ಅದೇ ಹಾದಿ ಹಿಡಿಯಿತು. ಈಗ ತಾಮ್ರದ ಸರದಿ. 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ದಾಟಿತು. ಅದೇ ವರ್ಷದ ಕೊನೆಗೆ ತಾಮ್ರ ಕಿಲೋಗೆ ಸಾವಿರ ದಾಟಿತು. ಇಂಥ ಹೊತ್ತಿನಲ್ಲಿ ಗದಗಿನ ಪೇಟೆಯಲ್ಲಾಗಲಿ, ಮುಂಡರಗಿ ಬಸ್ಸಿನಲ್ಲಾಗಲಿ, ಲಕ್ಷ್ಮೇಶ್ವರದ ಚಹಾದಂಗಡಿಯಲ್ಲಾಗಲಿ ಹುಟ್ಟುವ ಮಾತು ಒಂದೇ: "ಬಂಗಾರ ನಮ್ಮ ಕೈಗೆ ಹತ್ತೂದಿಲ್ಲ ಬಿಡ್ರೀ, ನಾಕು ಕಿಲೋ ತಾಂಬ್ರಾನರ ತಗದ ಇಡೂಣು!"

ಮಾತು ಚೆಂದ. ಲೆಕ್ಕ ಮಾತ್ರ ಅಷ್ಟು ಚೆಂದವಿಲ್ಲ.

ದರ ಏರಿದ್ದಕ್ಕೆ ಕಾರಣಗಳಿವೆ. ವಿದ್ಯುತ್ ವಾಹನ, ಸೋಲಾರ್, ಗಾಳಿಯಂತ್ರ, ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರ, ಎಲ್ಲಕ್ಕೂ ತಾಮ್ರವೇ ಬೇಕು. 2023ರಲ್ಲಿ ಪನಾಮಾ ದೇಶದ ದೊಡ್ಡ ಗಣಿ ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿಯಲ್ಲಿ ಕೆಸರು ನುಗ್ಗಿ ಏಳು ಜನ ಕಾರ್ಮಿಕರು ಸತ್ತರು, ಗಣಿಯ ಕೆಲಸ ನಿಂತಿತು. ದೇಶದೊಳಗಿನ ಕಥೆಯೂ ಇದೆ. 2018ರ ಮೇ ತಿಂಗಳಲ್ಲಿ ಗೋಲಿಬಾರಿಗೆ 13 ಜನ ಬಲಿಯಾದ ಮೇಲೆ ತಮಿಳುನಾಡಿನ ತೂತ್ತುಕುಡಿಯ ತಾಮ್ರ ಕಾರ್ಖಾನೆಗೆ ಬೀಗ ಬಿತ್ತು. ವರ್ಷಕ್ಕೆ ನಾಲ್ಕು ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಅದು. ಅಲ್ಲಿಯವರೆಗೆ ತಾಮ್ರ ಹೊರಗೆ ಕಳಿಸುತ್ತಿದ್ದ ಭಾರತ ಹೊರಗಿನಿಂದ ತರಿಸುವ ದೇಶವಾಯಿತು.

ಏರಿದ್ದು ಇಳಿಯುವುದೇ ಇಲ್ಲವೇ? ಹಳೇ ಲೆಕ್ಕ ತೆಗೆದು ನೋಡಬೇಕು. 2008ರ ಜುಲೈಯಲ್ಲಿ ಲಂಡನ್ ಪೇಟೆಯಲ್ಲಿ ಟನ್ನಿಗೆ ಎಂಟೂವರೆ ಸಾವಿರ ಡಾಲರ್ ಮೀರಿ ನಿಂತಿದ್ದ ತಾಮ್ರ, ಡಿಸೆಂಬರಿನಲ್ಲಿ ಮೂರು ಸಾವಿರದ ಕೆಳಗೆ ಬಿತ್ತು. 2011ರ ಫೆಬ್ರವರಿಯಲ್ಲಿ ಹತ್ತು ಸಾವಿರ ದಾಟಿತು. 2016ರ ಜನವರಿಗೆ ನಾಲ್ಕೂವರೆ ಸಾವಿರದ ಕೆಳಗೆ! ಮತ್ತೆ ಹತ್ತು ಸಾವಿರ ಕಂಡಿದ್ದು 2021ರಲ್ಲಿ. ಶಿಖರದ ದರದಲ್ಲಿ ಕೊಂಡವನು ಹತ್ತು ವರ್ಷ ಮನೆಯ ಮೂಲೆ ಕಾಯ್ದ ಎಂದರ್ಥ.

ಮೂಲೆಯಾದರೂ ಸಣ್ಣದೇ? ಲಕ್ಷ ರೂಪಾಯಿಯ ಬಂಗಾರ ಕಿಸೆಯಲ್ಲಿ ಹಿಡಿಯುತ್ತದೆ. ಕಿಲೋಗೆ ಸಾವಿರದಂತೆ ಲಕ್ಷ ರೂಪಾಯಿಗೆ ತಾಮ್ರ ತಂದರೆ ಒಂದು ಕ್ವಿಂಟಲ್! ಬಿಲ್ಲು ಹರಿಸಿ ಕೊಂಡರೆ ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಅಲ್ಲಿಗೆ ಕೈಬಿಟ್ಟಿದ್ದು 1,18,000 ರೂಪಾಯಿ. ಮಾರಲು ಹೋದಾಗ ಗುಜರಿಯವನು ಪೇಟೆ ದರಕ್ಕಿಂತ ನೂರಕ್ಕೆ ಹತ್ತು ಮುರಿದುಕೊಂಡ ಎಂದಿಟ್ಟುಕೊಳ್ಳಿ. ಆಗ ಹಾಕಿದ ಅಸಲು ಕೈಗೆ ಬರಬೇಕಾದರೇ ದರ ಸಾವಿರದಿಂದ ಸಾವಿರದ ಮುನ್ನೂರು ದಾಟಬೇಕು. ಲಾಭದ ಮಾತು ಆಮೇಲೆ. ಮನೆಯಲ್ಲಿ ಇಡುವುದೇ ಬೇಡ, ಎಂ.ಸಿ.ಎಕ್ಸ್‌ನಲ್ಲಿ ಕಾಗದದ ಮೇಲೆ ಕೊಳ್ಳೋಣ ಎನ್ನುವವರೂ ಕೇಳಬೇಕು: ಅಲ್ಲಿ ಒಂದು ಲಾಟ್ ಎಂದರೆ ಎರಡೂವರೆ ಟನ್. ಕಿಲೋಗೆ ಒಂದು ರೂಪಾಯಿ ಇಳಿದರೆ 2,500 ರೂಪಾಯಿ ಹೋಯಿತು. ಕಿರಾಣಿ ಅಂಗಡಿಯ ಗಲ್ಲಾ ಎಷ್ಟು ದಿನ ತಡೆದೀತು?

ಜಿ.ಎಸ್.ಟಿ. ಯಾಕೆ ಕೊಡಬೇಕು, ಬಿಲ್ಲಿಲ್ಲದ ಮಾಲು ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವ ಜಾಣರಿಗೂ ಕೊರತೆಯಿಲ್ಲ. ಕಥೆ ಕೆಡುವುದು ಇಲ್ಲೇ. ಆ ಅಗ್ಗದ ತಾಮ್ರ ಎಲ್ಲಿಂದ ಬಂತು?

ಕತ್ತರಿ ಬೀಳುವುದು ಎಲ್ಲಿ?

ಕಳ್ಳನಿಗೆ ಲಂಡನ್ ಪೇಟೆಯ ದರ ಓದಲು ಬರಬೇಕಿಲ್ಲ. ಗುಜರಿ ಅಂಗಡಿಯಲ್ಲಿ ಕಿಲೋಗೆ ಎಷ್ಟು ಕೊಡುತ್ತಾರೆಂಬುದು ಗೊತ್ತಿದ್ದರೆ ಸಾಕು. ಗದಗ ಜಿಲ್ಲೆಯಲ್ಲಿ ತಾಮ್ರ ಬಯಲಿನಲ್ಲೇ ಇದೆ. ಮುಂಡರಗಿ, ಶಿರಹಟ್ಟಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ ಪಂಪ್‌ಸೆಟ್ಟುಗಳಿವೆ. ಹೊಲಹೊಲದಲ್ಲಿ ಬೋರಿನ ಕೇಬಲ್ಲಿದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳಿವೆ. ಯಾವುದಕ್ಕೂ ರಾತ್ರಿ ಕಾವಲಿಗೆ ಪೂರ್ತಿ ಆಳಿಲ್ಲ.

ಬೋರಿನ ಬಾಯಿಯಿಂದ ಸ್ಟಾರ್ಟರ್ ಡಬ್ಬಿಯವರೆಗೆ ಮೂವತ್ತು ಮೀಟರ್ ಕೇಬಲ್ ಹಿಡಿಯಿರಿ. ನಾಲ್ಕು ಚದರ ಮಿಲಿಮೀಟರಿನ ಮೂರು ಎಳೆ. ಅದರೊಳಗಿನ ತಾಮ್ರ ಮೂರು ಕಿಲೋ, ಮೇಲೆ ಒಂದಿಷ್ಟು. ಕಳ್ಳ ಅದನ್ನು ಕತ್ತರಿಸಿ, ಹಳ್ಳದ ದಂಡೆಗೆ ಒಯ್ದು, ಮೇಲಿನ ಪ್ಲಾಸ್ಟಿಕ್ ಸುಡುತ್ತಾನೆ. ಸುಟ್ಟ ತಾಮ್ರಕ್ಕೆ ದರ ಕಡಿಮೆ. ಕದ್ದಿದ್ದು ಎಂದು ಗೊತ್ತಾದ ಮೇಲೆ ಇನ್ನೂ ಕಡಿಮೆ. ಅರ್ಧ ದರ ಸಿಕ್ಕಿತೆಂದರೂ ಕಳ್ಳನ ಪಾಲಿಗೆ ಒಂದೂವರೆ ಸಾವಿರ. ರೈತನ ಪಾಲಿಗೆ ಹೊಸ ಕೇಬಲ್, ಮೆಕ್ಯಾನಿಕ್ಕಿನ ಕೂಲಿ, ಅಷ್ಟು ದಿನ ನೀರಿಲ್ಲದೆ ಬಾಡುವ ಉಳ್ಳಾಗಡ್ಡಿ, ಮೆಣಸಿನಕಾಯಿ.

ಟ್ರಾನ್ಸ್‌ಫಾರ್ಮರಿಗೆ ಕೈ ಹಾಕಿದರಂತೂ ಕೇಳುವುದೇ ಬೇಡ. ಎಣ್ಣೆ ಚೆಲ್ಲಿ ಒಡೆದು ನೋಡಿದರೆ ಎಷ್ಟೋ ಸಲ ಒಳಗಿರುವುದು ತಾಮ್ರವಲ್ಲ, ಅಲ್ಯೂಮಿನಿಯಂ ಸುತ್ತು. ಕಳ್ಳನಿಗೂ ದಕ್ಕಲಿಲ್ಲ, ಹತ್ತು ಜನ ರೈತರ ಮೋಟಾರೂ ನಿಂತವು.

ಕಳ್ಳನಷ್ಟೇ ಸಾಲದು

ಕಾನೂನು ಇಲ್ಲವೆಂದಲ್ಲ. ವಿದ್ಯುತ್ ತಂತಿ, ಸಾಮಾನು ಕದ್ದವನಿಗೆ 2003ರ ವಿದ್ಯುತ್ ಕಾಯ್ದೆಯ 136ನೇ ಕಲಮಿನಂತೆ ಮೂರು ವರ್ಷದವರೆಗೆ ಸಜೆ ಇದೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ 137ನೇ ಕಲಮಿನಂತೆ ಅಷ್ಟೇ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು, ಕದ್ದ ಮಾಲಿನ ವ್ಯಾಪಾರವನ್ನೇ ರೂಢಿ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಹೋಗುತ್ತದೆ. ಅದೇ ಸಂಹಿತೆಯ 303ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ಅಪರಾಧ, ಬೆಲೆ ಹಿಂದಿರುಗಿಸಿದ್ದಾನೆ ಎಂದರೆ ಸಮುದಾಯ ಸೇವೆಯ ಶಿಕ್ಷೆ. ಮೂರು ಕಿಲೋ ತಾಮ್ರದ ಕಳ್ಳ ಈ ಬಾಗಿಲಿನಿಂದ ಹೊರಬೀಳಬಹುದು. ಹಸಿದ ಹುಡುಗನೊಬ್ಬನನ್ನು ವರ್ಷಗಟ್ಟಲೆ ಒಳಗೆ ಕೂಡಿಸುವುದರಿಂದ ಕಳವು ನಿಲ್ಲುವುದೂ ಇಲ್ಲ. ಕೊಳ್ಳುವ ಕೈ ಇರುವವರೆಗೆ ಕತ್ತರಿಸುವ ಕೈ ಇದ್ದೇ ಇರುತ್ತದೆ.

ಆದ್ದರಿಂದ ಹಿಡಿಯಬೇಕಾದದ್ದು ತಕ್ಕಡಿಯನ್ನು. ಇದಕ್ಕೆ ಮಾದರಿ ರೈಲ್ವೆಯಲ್ಲಿದೆ. 1966ರ ಕಾಯ್ದೆಯಂತೆ, ಕದ್ದದ್ದೆಂಬ ಸಂಶಯ ಬರುವ ರೈಲ್ವೆ ಸಾಮಾನು ಯಾರ ಹತ್ತಿರ ಸಿಕ್ಕಿತೋ, ನ್ಯಾಯವಾಗಿ ಬಂತೆಂದು ತೋರಿಸುವ ಭಾರ ಅವನದೇ. ತಾಮ್ರದ ಗುಜರಿಗೂ ಇಂಥದೊಂದು ಕಟ್ಟಳೆ ಬೇಕು. ಹೊಸ ಕಾಯ್ದೆ ಬರುವವರೆಗೆ ಕಾಯಬೇಕೆಂದೇನಿಲ್ಲ. ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯತಿಗಳು ಪೊಲೀಸರ ಜೊತೆ ಕುಳಿತು ಗುಜರಿ ವ್ಯಾಪಾರಿಗಳಿಗೆ ಮೂರು ಮಾತು ಒಪ್ಪಿಸಲಿ. ತಾಮ್ರ ತಂದವನ ಹೆಸರು, ಗುರುತಿನ ಚೀಟಿ, ಫೋಟೋ ವಹಿಯಲ್ಲಿರಬೇಕು. ಹಣ ನಗದಲ್ಲ, ಬ್ಯಾಂಕ್ ಖಾತೆಗೇ ಹೋಗಬೇಕು. ಸುಟ್ಟ ತಾಮ್ರ ಕಂಡರೆ ಠಾಣೆಗೆ ಫೋನು ಹೋಗಬೇಕು.

ನೇಮಸ್ತ ವ್ಯಾಪಾರಿಗೆ ಇದು ಹೊರೆಯಲ್ಲ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರ ಹತ್ತಿರ ಲೋಹದ ಗುಜರಿ ಕೊಂಡರೆ ನೋಂದಾಯಿತ ವ್ಯಾಪಾರಿಯೇ ಜಿ.ಎಸ್.ಟಿ. ಕಟ್ಟಬೇಕೆಂಬ ನಿಯಮವಿದೆ. ಅವನ ವಹಿ ಈಗಲೇ ಇರಬೇಕು. ಆದರೆ ಚೀಲ ಹೊತ್ತು ಬಾಟಲಿ, ರದ್ದಿ, ಕಬ್ಬಿಣ ಆರಿಸುವ ಬಡವರ ಮೇಲೆ ಇದೇ ನೆವದಲ್ಲಿ ಲಾಠಿ ಬೀಸಬಾರದು. ಕಟ್ಟಳೆ ತಾಮ್ರಕ್ಕೆ ಮಾತ್ರ.

ರೈತರೂ ಒಂದು ಕೆಲಸ ಮಾಡಬೇಕು. "ಮೂವತ್ತು ಮೀಟರ್ ವೈರಿಗೆ ಎಲ್ಲಿ ಠಾಣೆ ಹತ್ತೂದ್ರೀ" ಎಂದು ಸುಮ್ಮನಾದರೆ ಕಳವು ಆಗಿಯೇ ಇಲ್ಲವೆಂದು ಲೆಕ್ಕ. ಹೊಸ ಕಾನೂನಿನಲ್ಲಿ ದೂರನ್ನು ಮೊಬೈಲಿನಿಂದ ಕಳಿಸಿ ಮೂರು ದಿನದೊಳಗೆ ಹೋಗಿ ಸಹಿ ಮಾಡಿದರೂ ನಡೆಯುತ್ತದೆ. ದೂರು ಹೆಚ್ಚಿದರೆ ಗಸ್ತೂ ಹೆಚ್ಚೀತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಫಲ?

ಇನ್ನು ತಾಮ್ರ ಕೂಡಿಡುವ ಆಸೆಯವರಿಗೆ. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿ, ಬಡವನ ನಾಲ್ಕು ಕಾಸು ಒಟ್ಟುಗೂಡಿಸುವುದು ಹೇಗೆಂದು ತೋರಿಸಿದ ಸೀಮೆ ಇದು. ಮನೆಗೆ ಹಂಡೆ ಬೇಕೆ, ತಂಬಿಗೆ ಬೇಕೆ, ವೈರಿಂಗ್ ಮಾಡಿಸಬೇಕೆ, ಬಿಲ್ಲು ಪಡೆದು ಧಾರಾಳವಾಗಿ ಕೊಳ್ಳಿ. ಬಿಲ್ಲಿಲ್ಲದ ತಾಮ್ರವನ್ನು ಮಂಚದ ಕೆಳಗೆ ಕೂಡಿಡಬೇಡಿ. ನಾಳೆ ಪೊಲೀಸರು ಕೇಳಿದರೆ ತೋರಿಸಲು ಕಾಗದವಿರುವುದಿಲ್ಲ. ಅದು ಮುಂಡರಗಿಯ ಯಾವನೋ ರೈತನ ಬೋರಿನ ಕೇಬಲ್ ಅಲ್ಲವೆಂದು ಆಣೆ ಮಾಡಿ ಹೇಳಲಿಕ್ಕೂ ಆಗುವುದಿಲ್ಲ.