ಹದಿಹರೆಯದ ಚಿತ್ರಕ್ಕೊಂದು ನಾಂದಿ

ಕಾವ್ಯದ ಆರಂಭವು ಆಶೀರ್ವಾದದಿಂದಾಗಲಿ, ನಮಸ್ಕಾರದಿಂದಾಗಲಿ, ವಸ್ತುವಿನ ಸೂಚನೆಯಿಂದಾಗಲಿ ಆಗಬೇಕೆಂದು ದಂಡಿಯೇ ಮೊದಲಾದ ಲಾಕ್ಷಣಿಕರು ವಿಧಿಸಿದ್ದಾರೆ. ಇದನ್ನು ಬರಿಯ ಮಂಗಳಾಚಾರವೆಂದು ಎಣಿಸುವುದು ಉಚಿತವಲ್ಲ. ಮುಂದೆ ಬರಲಿರುವ ಕೃತಿ ಯಾವ ಬಗೆಯದು, ಅದನ್ನು ಎಂಥ ಮನಸ್ಸಿನಿಂದ ಸ್ವೀಕರಿಸಬೇಕು ಎಂಬುದನ್ನು ಸಹೃದಯನಿಗೆ ಮೊದಲೇ ತಿಳಿಸುವ ಒಪ್ಪಂದವದು. ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಇಂದ್ರಸಭೆಯಲ್ಲಿ ನಡೆದ ವಸಿಷ್ಠ ವಿಶ್ವಾಮಿತ್ರರ ವಾಗ್ವಾದದಿಂದ ತೊಡಗಿಸಿದನು. ಅರಸನಿನ್ನೂ ರಂಗಕ್ಕೆ ಬಂದಿಲ್ಲ. ಅವನ ಸತ್ಯವು ಆಗಲೇ ಪಣಕ್ಕೆ ಬಿದ್ದಿದೆ. ಮೂಡಲಪಾಯದ ಬಯಲಾಟದಲ್ಲಿಯೂ ತೆರೆಯ ಹಿಂದಿನಿಂದ ಪಾತ್ರವು ಬಂದೊಡನೆ ಸಾರಥಿಯು ಹೆಸರು, ಊರು, ಬಂದ ಕಾರಣಗಳನ್ನು ವಿಚಾರಿಸುತ್ತಾನೆ. ಗೊತ್ತಿದ್ದ ಪ್ರಶ್ನೆಗಳೇ, ಆದರೂ ಉತ್ತರಕ್ಕಾಗಿ ಊರಿಗೆ ಊರೇ ಕಿವಿಗೊಡುತ್ತದೆ.

ಈ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪ್ರೌಢಶಾಲೆಯ ಮಕ್ಕಳ ಕೈಗೂ ಇಂದು ದೂರವಾಣಿಯ ಮೂಲಕ ಕ್ಯಾಮೆರಾ ಬಂದಿದೆ. ಶಾಲಾ ವಾರ್ಷಿಕೋತ್ಸವಕ್ಕೆ ನಾಟಕವಾಡುವ ವಯಸ್ಸಿನವರು ಹತ್ತು ನಿಮಿಷದ ಚಿತ್ರವನ್ನು ತೆಗೆಯಬಲ್ಲರು. ಇದರಿಂದ ಓದು ಕೆಡುವುದೆಂಬುದು ಕೆಲವು ಹಿರಿಯರ ಅಭಿಪ್ರಾಯ. ನಾಟಕದಿಂದ ಕೆಡದ ಓದು ಚಿತ್ರದಿಂದ ಮಾತ್ರ ಏಕೆ ಕೆಡಬೇಕೋ ತಿಳಿಯದು. ವಿಚಾರ ಮಾಡಬೇಕಾದದ್ದು ಬೇರೆಯೇ ಇದೆ: ಆ ಹತ್ತು ನಿಮಿಷಗಳ ಪೈಕಿ ಮೊದಲ ಎರಡು ನಿಮಿಷಗಳಲ್ಲಿ ಮಕ್ಕಳು ಏನನ್ನು ತೋರಿಸುತ್ತಾರೆ?

ಸಾಮಾನ್ಯವಾಗಿ ತೋರಿಸುವುದು ಸಿನಿಮಾದಿಂದ ಕಲಿತದ್ದನ್ನೇ. ಶಾಲೆಯ ಗಂಟೆ, ತಡವಾಗಿ ಓಡಿ ಬರುವ ನಾಯಕ, ಹಿಂದಿನ ಬೆಂಚಿನ ಗೆಳೆಯರ ಗುಂಪು, ಪೆದ್ದು ಮೇಷ್ಟರು, ಕಿಟಕಿಯ ಬಳಿ ಒಬ್ಬ ಹುಡುಗಿ. ಇದೆಲ್ಲ ಸವೆದ ಸರಕೆಂದು ಮೂಗು ಮುರಿಯಬೇಕಾಗಿಲ್ಲ. ಚಕೋರವು ಬೆಳುದಿಂಗಳನ್ನು ಕುಡಿದು ಬದುಕುತ್ತದೆಯೇ ಎಂದು ಯಾವ ರಸಿಕನೂ ಕವಿಯನ್ನು ಕೇಳಲಿಲ್ಲ, ಅದು ಕವಿಸಮಯ. ಶರಣರ ವಚನಗಳಲ್ಲಿ ಅಂಕಿತವೂ ಹೀಗೆಯೇ ರೂಢಿಯಾದುದು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮರಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಕಟ್ಟುಪಾಡು ಒಂದೇ, ದನಿಗಳು ಮಾತ್ರ ಒಂದನ್ನೊಂದು ಹೋಲವು. ಸಮಯವನ್ನು ಬಳಸುವುದು ದೋಷವಲ್ಲ. ಅದರೊಳಗೆ ಏನನ್ನೂ ತುಂಬದಿರುವುದು ದೋಷ.

ರಾಮನಗರದವರಿಗೆ ಇದಕ್ಕೆ ಕಣ್ಣೆದುರಿನ ನಿದರ್ಶನವಿದೆ. 1975ರಲ್ಲಿ ತೆರೆಕಂಡ ರಮೇಶ್ ಸಿಪ್ಪಿಯವರ ‘ಶೋಲೆ’ಯ ಬಹುಭಾಗ ಚಿತ್ರಿತವಾದದ್ದು ಇಲ್ಲಿಯ ರಾಮದೇವರ ಬೆಟ್ಟದ ಆಸುಪಾಸಿನಲ್ಲಿ. ಸಣ್ಣ ನಿಲ್ದಾಣಕ್ಕೆ ರೈಲು ಬರುತ್ತದೆ, ಅಧಿಕಾರಿಯೊಬ್ಬನು ಇಳಿಯುತ್ತಾನೆ, ಕಲಾವಿದರ ಹೆಸರುಗಳು ಮೂಡುತ್ತಿರುವಂತೆಯೇ ಇಬ್ಬರು ಸವಾರರು ಬಂಡೆಗಳ ನಡುವೆ ಕುದುರೆಯ ಮೇಲೆ ಸಾಗುತ್ತಾರೆ. ಕಥೆಯೇನೆಂಬುದು ಇನ್ನೂ ತಿಳಿಯದು. ಕಥೆಯ ಬಗೆ ಯಾವುದೆಂಬುದು ಸಂಪೂರ್ಣ ತಿಳಿಯಿತು. ರೈಲು, ಕುದುರೆ, ಬೋಳುಬೆಟ್ಟಗಳು ಅಮೆರಿಕದ ಪಶ್ಚಿಮ ಸೀಮೆಯ ಕುದುರೆ-ಕೋವಿಯ ಚಿತ್ರಗಳಿಂದ ಬಂದ ಸಮಯ. ಎರವಲಾದರೂ ಅದನ್ನು ಅಳುಕಿಲ್ಲದೆ ಬಳಸಿದರು. ಬಂಡೆ ಮಾತ್ರ ರಾಮನಗರದ್ದು, ಊರು ಕಟ್ಟಿಸಿ ನಿಲ್ಲಿಸಿದ ರಾಮಗಢ. ಇಲ್ಲಿಯ ಜನರ ಬಾಳು ಆ ಚಿತ್ರಕ್ಕೆ ಬೇಕಿರಲಿಲ್ಲ. 1984ರಲ್ಲಿ ಬಂದ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೂ ಸಾವನದುರ್ಗದಿಂದ ಬೇಕಾದದ್ದು ಕಲ್ಲೇ.

ಕನ್ನಡದಲ್ಲಿ ವಿದ್ಯಾರ್ಥಿ ನಾಯಕನ ಚಿತ್ರಗಳಿಗೆ ದಾರಿ ಹಾಕಿದ್ದು 1972ರ ‘ನಾಗರಹಾವು’ ಎನ್ನಬಹುದು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರದ ಆರಂಭದಲ್ಲಿಯೇ ರಾಮಾಚಾರಿಯು ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುತ್ತಾನೆ. ಅವಮಾನದ ಸೇಡಿಗೆ ರಾತ್ರಿ ಪ್ರಿನ್ಸಿಪಾಲರ ಮನೆಗೆ ಕಲ್ಲೆಸೆದು, ಅವರನ್ನು ಕಂಬಕ್ಕೆ ಕಟ್ಟಿ ಓಡುತ್ತಾನೆ. ನಾಯಕನ ಸ್ವಭಾವವನ್ನು ಇಷ್ಟು ಶೀಘ್ರವಾಗಿ ನಿರ್ದೇಶಿಸಿದ ನಾಂದಿ ವಿರಳ. ಆದರೆ ಆ ಚಿತ್ರದಲ್ಲಿ ಚಾಮಯ್ಯ ಮೇಷ್ಟರೂ ಇದ್ದಾರೆ. ಕಂಬಕ್ಕೆ ಕಟ್ಟಿಸಿಕೊಂಡ ಗುರುವಿಗೆ ಪ್ರತಿಯಾಗಿ, ಶಿಷ್ಯನನ್ನು ಕಡೆಯವರೆಗೂ ಕೈಬಿಡದ ಗುರುವನ್ನು ನಿರ್ದೇಶಕರು ನಿಲ್ಲಿಸಿದರು. ಆ ಗುರುವಿನ ಪ್ರೀತಿಯಲ್ಲಿಯೇ ಶಿಷ್ಯನ ದುರಂತದ ಬೀಜವನ್ನೂ ಇಟ್ಟರು. ಅನಂತರ ಬಂದ ಎಷ್ಟೋ ಚಿತ್ರಗಳು ಕಂಬವನ್ನು ಉಳಿಸಿಕೊಂಡು ಚಾಮಯ್ಯನವರನ್ನು ಬಿಟ್ಟವು. ಅರ್ಧ ಸಮಯ ಸುಳ್ಳಿಗಿಂತ ಕೆಟ್ಟದ್ದು.

ಹುಡುಗಿಯ ಬೆನ್ನು ಹತ್ತಿ ಹೋಗುವ ಹುಡುಗನ ದೃಶ್ಯವಂತೂ ಹಾಡಿನ ನೆಪದಲ್ಲಿ ನಿತ್ಯವಿಧಿಯಾಗಿಬಿಟ್ಟಿದೆ. ತೆರೆಯ ಮೇಲೆ ಅದು ಒಲವಿನ ಮೊದಲ ಹೆಜ್ಜೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿಯ ಪಾಲಿಗೆ ಹಾಗಲ್ಲ. ಯಾರೋ ಬೆನ್ನುಬಿದ್ದನೆಂಬ ಸುದ್ದಿ ಮನೆ ಮುಟ್ಟಿದರೆ ನಿಲ್ಲುವುದು ಅವಳ ಓದು, ಹುಡುಗನದಲ್ಲ. ಅಧ್ಯಾಪಕ ವರ್ಗಕ್ಕೆ ಇದು ಹೊಸ ಸಂಗತಿಯಾಗಿರಲಾರದು. ಹದಿನೈದರ ಹುಡುಗರು ತಾವೇ ತೆಗೆಯುವ ಚಿತ್ರದಲ್ಲಿ ಇದನ್ನೇ ನಾಂದಿಯೆಂದು ಹಾಡಿದರೆ, ಪಕ್ಕದ ಬೆಂಚಿನವಳು ಸುಮ್ಮನೆ ಕುಳಿತು ನೋಡಬೇಕಾಗುತ್ತದೆ.

ಹಾಗಾದರೆ ಹೇಗೆ ತೊಡಗಬೇಕು? ತಡವಾಗಿ ಬರುವ ನಾಯಕನನ್ನೇ ಇಟ್ಟುಕೊಳ್ಳಲಿ. ರೇಷ್ಮೆಯ ಸೀಮೆಯಲ್ಲಿ ನಾಲ್ಕನೆಯ ಜ್ವರ ಕಳೆದ ಹುಳು ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುತ್ತದೆ. ವಾರದೊಳಗೆ ಹಣ್ಣಾಗತೊಡಗಿತೆಂದರೆ ಮನೆಮಂದಿಯೆಲ್ಲ ನಿದ್ದೆಗೆಟ್ಟು ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಗೂಡು ಕಟ್ಟದೆ ನೂಲು ಪೋಲು, ಮಾಡಿದ ಸಾಲ ಹಾಗೆಯೇ ಉಳಿಯುತ್ತದೆ. ಪರೀಕ್ಷೆಯ ದಿನವನ್ನು ಹುಳು ಕೇಳುವುದಿಲ್ಲ. ಚಿತ್ರದ ಮೊದಲ ನಿಮಿಷದಲ್ಲಿ ಇದಿಷ್ಟೂ ಮಾತಿಲ್ಲದೆ ಬರಲಿ: ದೀಪ, ತಟ್ಟೆ, ಚಂದ್ರಿಕೆ, ಹುಡುಗನ ಕೈಗಳು. ಎರಡನೆಯ ನಿಮಿಷದಲ್ಲಿ ಗಂಟೆ, ಓಟ, ಬಾಗಿಲಲ್ಲಿ ನಿಂತ ಹುಡುಗ, ಮೇಷ್ಟರ ಚುಚ್ಚುಮಾತು, ಹಿಂದಿನ ಬೆಂಚಿನ ನಗೆ. ರೂಢಿಯ ಒಂದು ಅಂಶವನ್ನೂ ಬಿಟ್ಟಂತಾಗಲಿಲ್ಲ. ಆದರೆ ತರಗತಿ ನಕ್ಕಾಗ ಪ್ರೇಕ್ಷಕನು ನಗಲಾರನು. ಚನ್ನಪಟ್ಟಣದ ಮಕ್ಕಳಾದರೆ ಅರಗಿನ ಬಣ್ಣ ಹತ್ತಿದ ಬೆರಳುಗಳಿಂದ ಇದನ್ನೇ ಸಾಧಿಸಬಲ್ಲರು.

ಇದಕ್ಕೆ ದಾನಿಗಳು ದೊಡ್ಡ ಯಂತ್ರಗಳನ್ನು ಕೊಡಿಸಬೇಕಾಗಿಲ್ಲ. ವಾರಕ್ಕೊಂದು ಕನ್ನಡದ ಪೀರಿಯಡ್ಡು, ಕಥೆಯನ್ನು ಮೊದಲು ಬರೆಸಿ ತಿದ್ದುವ ತಾಳ್ಮೆ, ಇವು ಸಾಕು. ಮೇಷ್ಟರ ಪಾತ್ರಕ್ಕೆ ಮಾತ್ರ ಹುಡುಗನೊಬ್ಬನಿಗೆ ಮೀಸೆ ಅಂಟಿಸುವ ಬದಲು ಶಾಲೆಯ ಅಧ್ಯಾಪಕರೊಬ್ಬರೇ ಒಪ್ಪಿ ನಿಲ್ಲುವುದು ಲೇಸು. ಚುಚ್ಚುಮಾತನ್ನು ಆಡಿದ ಮೇಲೆ ಮುಖದಲ್ಲಿ ಏನಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.