ಮೊದಲ ಮೆಟ್ಟಿಲನ್ನೇ ಕಿತ್ತುಹಾಕಿದರೆ?

ಆಟೊಮೇಶನ್ ಕಲಿಯಿರಿ, ಇಲ್ಲವೇ ಜಾಗ ಖಾಲಿ ಮಾಡಿ. ಹತ್ತು ಹದಿನೈದು ವರ್ಷಗಳ ಹಿಂದೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ತಂತ್ರಾಂಶಗಳನ್ನು ಕೈಯಿಂದಲೇ ಒಂದೊಂದಾಗಿ ಪರೀಕ್ಷಿಸುತ್ತಿದ್ದವರ ಕಿವಿಗೆ ಆಗಾಗ ಬೀಳುತ್ತಿದ್ದ ಮಾತಿದು. ಅನೇಕರು ಕಲಿತರು, ಕೆಲವರು ಹೊರನಡೆದರು. ಇದೀಗ ಹಾಗೆ ಕಲಿತು ಬಂದ ಹೊಸ ಪೀಳಿಗೆಯ ಮುಂದೆ ಅದೇ ಮಾತು ಬೇರೆ ಹೆಸರಿನಲ್ಲಿ ಬಂದು ನಿಂತಿದೆ. ಇನ್ನೊಬ್ಬರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದನ್ನೇ ವೃತ್ತಿಯಾಗಿಸಿಕೊಂಡವರ ಕೆಲಸವನ್ನು ಯಂತ್ರವೇ ಕೇಳತೊಡಗಿದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಗುವವರು ನಗಲಿ. ಇಪ್ಪತ್ತೆರಡರ ಹರೆಯದ ಹುಡುಗನೋ ಹುಡುಗಿಯೋ ಈ ನೀತಿಯನ್ನು ರೂಪಿಸಿದವರಲ್ಲ ಎಂಬುದನ್ನು ಬಲ್ಲ ನಮಗೆ ಆ ನಗುವಿನಲ್ಲಿ ಪಾಲಿಲ್ಲ.

ಈ ಹುದ್ದೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಬ್ಯಾಂಕೊಂದರ ಜಾಲತಾಣದಲ್ಲಿ ಹಣ ವರ್ಗಾಯಿಸುವ ವ್ಯವಸ್ಥೆ ಇದೆಯೆಂದಿಟ್ಟುಕೊಳ್ಳಿ. ಅದರಲ್ಲಿ ಏನೇ ಬದಲಾವಣೆಯಾದರೂ ಮತ್ತೆ ಲಾಗಿನ್ ಆಗಿ, ಮೊತ್ತ ನಮೂದಿಸಿ, ಗುಂಡಿ ಒತ್ತಿ, ಎಲ್ಲವೂ ಸರಿಯಿದೆಯೇ ಎಂದು ನೋಡಬೇಕು. ಈ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ಸ್ಕ್ರಿಪ್ಟ್ ಬರೆಯುವವರೇ ಆಟೊಮೇಶನ್ ಡೆವಲಪರ್‌ಗಳು. 2004ರಲ್ಲಿ ರೂಪುಗೊಂಡ ಸೆಲೆನಿಯಮ್ ಎಂಬ ಉಚಿತ ಸಾಧನವು ಈ ವೃತ್ತಿಗೆ ವಿಶಾಲವಾದ ಬಾಗಿಲು ತೆರೆಯಿತು. ಕಚೇರಿಗಳ ಬಿಲ್ಲು, ಅರ್ಜಿ, ಲೆಕ್ಕಪತ್ರಗಳನ್ನು ತಾವಾಗಿಯೇ ತುಂಬುವ ‘ಬಾಟ್’ಗಳನ್ನು ಕಟ್ಟುವವರೂ ಇದೇ ಬಳಗದವರು. ಹೆಸರಾಂತ ಇಂಜಿನಿಯರಿಂಗ್ ಕಾಲೇಜಿನ ಮುದ್ರೆ ಇಲ್ಲದ, ಸಣ್ಣ ಪಟ್ಟಣದಲ್ಲಿ ಬಿ.ಸಿ.ಎ. ಅಥವಾ ಬಿ.ಎಸ್ಸಿ. ಮುಗಿಸಿದ ಮಕ್ಕಳು ಕೆಲವು ತಿಂಗಳ ತರಬೇತಿ ಪಡೆದು ಒಳಬರಬಹುದಾಗಿದ್ದ ಬಾಗಿಲು ಅದು. ಆದ್ದರಿಂದಲೇ ಅದು ಮುಚ್ಚುವ ಸದ್ದು ನಮ್ಮ ಓದುಗರ ಮನೆಗಳಿಗೆ ಬೇಗ ಕೇಳಿಸುತ್ತದೆ.

ಹೊಸಬರ ಪಾಲಿಗೆ ಬರುತ್ತಿದ್ದುದು ಬೇಸರದ ಕೆಲಸ. ಪುಟದಲ್ಲಿ ಒಂದು ಗುಂಡಿಯ ಹೆಸರು ಬದಲಾದರೂ ಸ್ಕ್ರಿಪ್ಟ್ ನಿಂತುಬಿಡುತ್ತದೆ. ರಾತ್ರಿ ಓಡಿ ವಿಫಲವಾದ ಸ್ಕ್ರಿಪ್ಟ್‌ಗಳನ್ನು ಬೆಳಗ್ಗೆ ಬಂದು ಒಂದೊಂದಾಗಿ ತೆರೆದು ದೋಷವೆಲ್ಲಿದೆ ಎಂದು ಹುಡುಕಬೇಕು. ಹೀಗೆ ಹುಡುಕುತ್ತಾ ಹುಡುಕುತ್ತಾ ಎರಡು ವರ್ಷಗಳಲ್ಲಿ ಅವರಿಗೆ ಬ್ಯಾಂಕಿನ ವ್ಯವಹಾರ ಅರ್ಥವಾಗುತ್ತಿತ್ತು, ತಂತ್ರಾಂಶ ಎಲ್ಲಿ ಮುರಿಯುತ್ತದೆ ಎಂಬುದು ಬೆರಳಿನ ತುದಿಗೆ ಬರುತ್ತಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಒಂದರ ಹಿಂದೆ ಒಂದರಂತೆ ಬಂದ ಸಾಧನಗಳು ಈ ಬೇಸರದ ಕೆಲಸವನ್ನೇ ಮೊದಲು ಎತ್ತಿಕೊಂಡಿವೆ. ಪುಟವನ್ನು ತಾವೇ ಓದಿ ಸ್ಕ್ರಿಪ್ಟ್ ಬರೆಯುತ್ತವೆ, ಗುಂಡಿಯ ಹೆಸರು ಬದಲಾದರೆ ತಾವೇ ತಿದ್ದಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ಬೇಸರದ ಜೊತೆಗೆ ಪಾಠಶಾಲೆಯೂ ಹೊರಟುಹೋಯಿತಲ್ಲ!

ಇದು ಕೇವಲ ಆತಂಕವಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಆ ದೇಶದ ವೇತನ ದಾಖಲೆಗಳನ್ನು ಪರಿಶೀಲಿಸಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನವು, 22ರಿಂದ 25 ವರ್ಷದೊಳಗಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗವು 2022ರ ಕೊನೆಯ ಮಟ್ಟಕ್ಕಿಂತ ಸುಮಾರು ಶೇ. 20ರಷ್ಟು ಕುಸಿದಿದೆ ಎಂದಿತು. ಅದೇ ವೃತ್ತಿಯ ಹಿರಿಯರಿಗೆ ಅಂಥ ಹೊಡೆತ ಬಿದ್ದಿರಲಿಲ್ಲ. ಕೃತಕ ಬುದ್ಧಿಮತ್ತೆಯನ್ನು ತಯಾರಿಸುವ ಆಂತ್ರೊಪಿಕ್ ಕಂಪೆನಿಯ ಮುಖ್ಯಸ್ಥ ಡಾರಿಯೊ ಅಮೊಡೈ ಅವರೇ, ಕಚೇರಿ ಕೆಲಸಗಳಲ್ಲಿ ಆರಂಭಿಕ ಹಂತದ ಅರ್ಧದಷ್ಟು ಹುದ್ದೆಗಳು ಒಂದರಿಂದ ಐದು ವರ್ಷಗಳಲ್ಲಿ ಇಲ್ಲವಾಗಬಹುದೆಂದು 2025ರ ಮೇ ತಿಂಗಳಲ್ಲಿ ಎಚ್ಚರಿಸಿದ್ದರು. ಮಾರುವವನ ಮಾತಿನಲ್ಲಿ ಸರಕಿನ ಹೊಗಳಿಕೆಯೂ ಬೆರೆತಿರುತ್ತದೆ ಎಂಬುದು ಬೇರೆ ವಿಚಾರ.

‘ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗಲೂ ಹೀಗೆಯೇ ಹೆದರಿದ್ದರು’ ಎನ್ನುವವರಿದ್ದಾರೆ. ಹಲವು ಬ್ಯಾಂಕುಗಳ ತವರಾದ ಕರಾವಳಿಯ ಮನೆಗಳಿಗೆ ಆ ಹೆದರಿಕೆಯ ನೆನಪಿದೆ. ಆದರೆ ಅಂದು ಯಂತ್ರವು ಸುಮ್ಮನೆ ಒಳಗೆ ಬರಲಿಲ್ಲ. 1983ರಲ್ಲಿ ಬ್ಯಾಂಕ್ ಆಡಳಿತಗಳೂ ನೌಕರ ಸಂಘಟನೆಗಳೂ ಮೇಜಿನ ಎದುರುಬದುರು ಕುಳಿತು ಯಾಂತ್ರೀಕರಣದ ಬಗ್ಗೆ ಒಪ್ಪಂದ ಮಾಡಿಕೊಂಡವು. ಅಷ್ಟಕ್ಕೂ ಅಂದಿನ ಯಂತ್ರ ಕಸಿದುಕೊಂಡದ್ದು ಕೂಡು-ಕಳೆ ಲೆಕ್ಕವನ್ನು. ಹೊಸ ಗುಮಾಸ್ತ ಕೌಂಟರಿನಲ್ಲಿ ಕುಳಿತು ಕಸುಬು ಕಲಿಯುವ ಅವಕಾಶ ಉಳಿದಿತ್ತು. ಇಂದಿನ ಯಂತ್ರ ಕುಳಿತಿರುವುದು ಕಲಿಯುವವನ ಕುರ್ಚಿಯಲ್ಲಿಯೇ. ಈ ಬಾರಿ ಒಪ್ಪಂದದ ಮೇಜೂ ಇಲ್ಲ.

ಇನ್ನು, ಯಂತ್ರ ಬರೆದ ಪರೀಕ್ಷೆಯನ್ನು ಪರೀಕ್ಷಿಸುವವರು ಯಾರು? ಪುಟ ತೆರೆದುಕೊಂಡಿತೇ ಎಂದು ನೋಡಿ ‘ಪಾಸ್’ ಎಂದು ಹಸಿರು ಗುರುತು ಹಾಕುವ ಸ್ಕ್ರಿಪ್ಟ್, ಗ್ರಾಹಕನ ಖಾತೆಯಿಂದ ಎರಡು ಬಾರಿ ಹಣ ಕಡಿತವಾದುದನ್ನು ನೋಡದೇ ಇರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪೆನಿಯ ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೆಲಕಚ್ಚಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅದು ಕೃತಕ ಬುದ್ಧಿಮತ್ತೆಯ ತಪ್ಪಲ್ಲ. ಆದರೆ ಆ ಅಪ್‌ಡೇಟನ್ನು ಸರಿಯೆಂದು ಒಳಬಿಟ್ಟದ್ದು ಒಂದು ಸ್ವಯಂಚಾಲಿತ ಪರೀಕ್ಷಕ. ಹಸಿರು ಗುರುತನ್ನು ಅನುಮಾನಿಸಬಲ್ಲ ಹಿರಿಯ ಪರೀಕ್ಷಕರು ಆಕಾಶದಿಂದ ಉದುರುವುದಿಲ್ಲ. ಹತ್ತು ವರ್ಷಗಳ ಹಿಂದೆ ಅವರೂ ಕೆಟ್ಟ ಸ್ಕ್ರಿಪ್ಟ್ ತಿದ್ದುತ್ತಿದ್ದ ಹೊಸಬರೇ. ಕಿರಿಯರ ಬದಲು ಕೃತಕ ಬುದ್ಧಿಮತ್ತೆಯನ್ನು ತರುವುದು ತಾವು ಕೇಳಿದ ಅತ್ಯಂತ ಮೂರ್ಖ ವಿಚಾರಗಳಲ್ಲೊಂದು ಎಂದು ಅಮೆಜಾನ್‌ನ ಕ್ಲೌಡ್ ವಿಭಾಗದ ಮುಖ್ಯಸ್ಥ ಮ್ಯಾಟ್ ಗಾರ್ಮನ್ 2025ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡರೆ ಈ ವರ್ಷ ಹೊಟ್ಟೆ ತುಂಬೀತು, ನಿಜ.

ಭಾರತದ ಸಾಫ್ಟ್‌ವೇರ್ ಸೇವಾ ಉದ್ಯಮ ನಿಂತದ್ದೇ ಕಿರಿಯರ ಭುಜದ ಮೇಲೆ. ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನ ಸಂಬಳ. ಬೆಲೆಗಳು ಏರಿದರೂ ಒಂದು ದಶಕಕ್ಕೂ ಹೆಚ್ಚು ಕಾಲ ಅದು ಅಲ್ಲಾಡಲಿಲ್ಲ. ವಿದೇಶಿ ಗ್ರಾಹಕನಿಗೆ ತಲೆಯೆಣಿಕೆಯ ಲೆಕ್ಕದಲ್ಲಿ ಬಿಲ್ಲು. ತಲೆಗಳ ಅಗತ್ಯ ಕಡಿಮೆಯಾದಾಗ ಮೊದಲು ಹಗುರವಾಗುವವರು ಅವರೇ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿನಿರತರನ್ನು ಮನೆಗೆ ಕಳುಹಿಸಿತು. ಮೂರು ಅವಕಾಶ ನೀಡಿದರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬುದು ಕಂಪೆನಿ ಕೊಟ್ಟ ಕಾರಣ. ಕೃತಕ ಬುದ್ಧಿಮತ್ತೆಯ ಮಾತನ್ನು ಅದು ಎತ್ತಲಿಲ್ಲ, ನಾವೂ ಎತ್ತುವುದಿಲ್ಲ. ಆದರೆ 2022ರಲ್ಲಿ ಪದವಿ ಮುಗಿಸಿ, ನೇಮಕಾತಿ ಪತ್ರ ಹಿಡಿದು ಎರಡು ವರ್ಷ ಕಾದು ಒಳಬಂದವರು ಅವರಲ್ಲಿದ್ದರು. ಕಿರಿಯ ಉದ್ಯೋಗಿ ಎಷ್ಟು ಸಡಿಲವಾದ ನೆಲದ ಮೇಲೆ ನಿಂತಿದ್ದಾನೆ ಎಂಬುದಕ್ಕೆ ಇಷ್ಟು ಸಾಕು.

ಸರಕಾರ ಏನು ಮಾಡಿತು? 2014ರಲ್ಲಿ ಐಟಿ ಕಂಪೆನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ನೀಡಿದ ಕರ್ನಾಟಕ ಸರಕಾರ, 2019ರಲ್ಲೂ 2024ರಲ್ಲೂ ಅದನ್ನು ಮುಂದುವರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಮರುಕೌಶಲ ನಿಧಿಯೊಂದಿದೆ. ಹಿಂಕಡಿತಕ್ಕೊಳಗಾದ ಕಾರ್ಮಿಕನಿಗೆ ಹದಿನೈದು ದಿನಗಳ ವೇತನದಷ್ಟು ಮೊತ್ತವನ್ನು ಮಾಲಕ ಅದಕ್ಕೆ ಕಟ್ಟಬೇಕು. ಸರಿ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳಲ್ಪಡದೇ ಉಳಿದವನಿಗೆ? ಸಾವಿರ ಮಂದಿಯನ್ನು ತೆಗೆದುಹಾಕಿದರೆ ಸುದ್ದಿಯಾಗುತ್ತದೆ, ಸಂಘಟನೆಗಳು ದೂರು ಕೊಡುತ್ತವೆ. ಸಾವಿರ ಮಂದಿಯನ್ನು ಸೇರಿಸಿಕೊಳ್ಳದಿದ್ದರೆ ಎಲ್ಲಿಯೂ ಸದ್ದಾಗುವುದಿಲ್ಲ. ಸರಕಾರದ ಜಮೀನು, ರಿಯಾಯಿತಿಗಳನ್ನು ಪಡೆಯುವ ಕಂಪೆನಿಗಳು ಪ್ರತಿವರ್ಷ ಎಷ್ಟು ಹೊಸಬರನ್ನು ಸೇರಿಸಿಕೊಂಡವು, ಎರಡು ವರ್ಷಗಳ ನಂತರ ಅವರಲ್ಲಿ ಎಷ್ಟು ಮಂದಿ ಉಳಿದರು ಎಂಬ ಲೆಕ್ಕವನ್ನು ಬಹಿರಂಗಪಡಿಸಲಿ. 1961ರಷ್ಟು ಹಿಂದೆಯೇ ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದಿದೆ. ಹೊಸಬನನ್ನು ಹಿರಿಯನ ಪಕ್ಕದಲ್ಲಿ ಕೂರಿಸಿ, ಯಂತ್ರ ಬರೆದುದನ್ನು ತಿದ್ದಲು ಕಲಿಸುವ ಹುದ್ದೆಗಳನ್ನು ಅದರಡಿ ಸೃಷ್ಟಿಸಲು ಹೊಸ ಕಾನೂನೇನೂ ಬೇಕಾಗಿಲ್ಲ.

ಹೆತ್ತವರಿಗೂ ಒಂದು ಮಾತಿದೆ. ಬೆಂಗಳೂರಿನ ತರಬೇತಿ ಕೇಂದ್ರಗಳ ಫಲಕಗಳು ಬದಲಾಗುತ್ತಿವೆ; ನಿನ್ನೆ ಸೆಲೆನಿಯಮ್ ಎಂದಿದ್ದಲ್ಲಿ ಇಂದು ಕೃತಕ ಬುದ್ಧಿಮತ್ತೆಯ ಹೆಸರಿದೆ, ಕೆಳಗೆ ಉದ್ಯೋಗದ ಅದೇ ಭರವಸೆ. ಒಡವೆ ಅಡವಿಟ್ಟು ಶುಲ್ಕ ತುಂಬುವ ಮುನ್ನ ಕಳೆದ ವರ್ಷ ಅಲ್ಲಿ ಕಲಿತವರಲ್ಲಿ ಇಬ್ಬರನ್ನಾದರೂ ನೇರವಾಗಿ ವಿಚಾರಿಸಿ. ಒಂದೇ ಸಾಧನ ಬಲ್ಲವರಿಗಿಂತ ಬ್ಯಾಂಕಿಂಗ್, ವಿಮೆ, ಆಸ್ಪತ್ರೆ, ಲೆಕ್ಕಪತ್ರ ಇವುಗಳಲ್ಲಿ ಒಂದರ ಒಳಹೊರಗನ್ನು ಬಲ್ಲವರಿಗೆ ಇನ್ನೂ ಬೇಡಿಕೆಯಿದೆ. ಎರಡು ವರ್ಷದ ಅನುಭವದ ಬಳಿಕ ಕೆಲಸ ಕಳಕೊಂಡು ಊರಿಗೆ ಮರಳಿದ ಮಗನನ್ನು ಪಕ್ಕದ ಮನೆಯ ಮಗನೊಂದಿಗೆ ಹೋಲಿಸುವ ಮುನ್ನ, ಅವನು ಹತ್ತಬೇಕಿದ್ದ ಮೆಟ್ಟಿಲು ಅಲ್ಲಿ ಇತ್ತೇ ಎಂದು ಒಮ್ಮೆ ಕೇಳಿಕೊಳ್ಳಿ.